ಕವಚ ಪಾದಕ್ಕೆ ಇಳಿಯುವ ಹೊತ್ತಿಗೆ

ಮೂರು ವರ್ಷಗಳ ಹಿಂದೆ ಮನೆಯವರ ವಾಟ್ಸಾಪ್ ಗುಂಪಿಗೆ ನನ್ನದೊಂದು ಫೋಟೋ ಹಾಕಿದ್ದೆ. ತಲೆಗೆ ಉಕ್ಕಿನ ಶಿರಸ್ತ್ರಾಣ, ಎದೆಗೆ ತಗಡಿನ ಕವಚ, ತೊಡೆಯಿಂದ ಕಣಕಾಲಿನವರೆಗೆ ಹೊಳೆಯುವ ಕಾಲ್ಗವಚ, ಕೈಯಲ್ಲಿ ನನಗಿಂತ ಎತ್ತರದ ಬಿಲ್ ಎಂಬ ಆಯುಧ. (ಅಂಗಡಿಯವರು ಕೊಡುವ ಬಿಲ್ ಅಲ್ಲ, ಉದ್ದ ಕೋಲಿನ ತುದಿಗೆ ಕೊಕ್ಕೆಯ ಕುಡುಗೋಲು ಸಿಕ್ಕಿಸಿದಂತಿರುವುದು. ಅಂಗಡಿಯ ಬಿಲ್ಲೂ ಜೊತೆಗೆ ಬಂದಿತ್ತು ಅನ್ನಿ.) ತಂಗಿ ಯಾವ ನಾಟಕ ಎಂದು ಕೇಳಿದಳು. ಕಾಕಾ ಹೆಬ್ಬೆರಳು ಎತ್ತಿದರು. ಅಥಣಿಯಲ್ಲಿರುವ ಸೋದರತ್ತೆ ಮಾತ್ರ ಫೋಟೋವನ್ನು ಹಿಗ್ಗಿಸಿ, ಕೆಳಗಿನ ನಾಲ್ಕು ಬೆರಳಿನಷ್ಟನ್ನು ಕತ್ತರಿಸಿ ವಾಪಸು ಕಳಿಸಿದರು. ಕೆಳಗೊಂದು ಸಾಲು: "ಉಳಿದದ್ದೆಲ್ಲ ರಾಜನದು, ಬೂಟು ಯಾಕೆ ವಾಚ್‌ಮನ್ನನದು?"

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಅವು ಇಂಗ್ಲೆಂಡಿನ ಲೀಡ್ಸ್‌ನ ಸೂಪರ್ ಮಾರ್ಕೆಟ್ ಒಂದರಲ್ಲಿ ಕೊಂಡ ಕಪ್ಪು ಕೆಲಸದ ಬೂಟುಗಳು. ರಬ್ಬರ್ ಅಟ್ಟೆ, ಲೋಹದ ಕಣ್ಣುಗಳು, ನೈಲಾನ್ ಲೇಸು. ಅಂದು ಹಳೆಯ ಯುದ್ಧದ ಆಟಕ್ಕೆ ವೇಷ ತೊಟ್ಟು ಮೈದಾನದಲ್ಲಿದ್ದ ಇಂಗ್ಲಿಷರು ಯಾರೂ ಏನೂ ಅಂದಿರಲಿಲ್ಲ. ಅದು ಅವರ ಸೌಜನ್ಯ. ನಮ್ಮೂರಿನ ಕಣ್ಣು ಬೇರೆ. ಚಪ್ಪಲಿಯ ಊರಿನವರು ಮನುಷ್ಯನನ್ನು ಕಾಲಿನಿಂದ ಮೇಲಕ್ಕೆ ಓದುತ್ತಾರೆ. ಆ ಒಂದು ಸಾಲು ನನ್ನ ಎರಡು ವರ್ಷದ ವಾರಾಂತ್ಯಗಳನ್ನು ತಿಂದಿತು.

ತಲೆಯಿಂದ ಶುರುವಾಗುವ ಖರ್ಚು

ನಮ್ಮ ತಂಡ 15ನೆಯ ಶತಮಾನದ ಇಂಗ್ಲೆಂಡಿನಲ್ಲಿ ಸಿಂಹಾಸನಕ್ಕಾಗಿ ಎರಡು ರಾಜಮನೆತನಗಳು ಕಾದಾಡಿದ ಗುಲಾಬಿ ಯುದ್ಧಗಳನ್ನು ಮತ್ತೆ ಆಡಿ ತೋರಿಸುತ್ತದೆ. ಅದರೊಳಗೆ ನಾನು ಹೇಗೆ ಬಿದ್ದೆ ಎಂಬುದು ಪಕ್ಕದ ಮನೆಯವನ ಕಥೆ, ಇಲ್ಲಿ ಬೇಡ. ಒಂದು ವಿಚಿತ್ರ ಮಾತ್ರ ಬೇಗನೆ ಗಮನಕ್ಕೆ ಬಂತು. ಈ ಹುಚ್ಚಿಗೆ ಬಿದ್ದ ಪ್ರತಿಯೊಬ್ಬರೂ ಹಣವನ್ನು ತಲೆಯಿಂದ ಕೆಳಕ್ಕೆ ಖರ್ಚು ಮಾಡುತ್ತಾರೆ. ಮೊದಲು ಶಿರಸ್ತ್ರಾಣ, ಅದಿಲ್ಲದೆ ಮೈದಾನಕ್ಕೆ ಬಿಡುವುದೇ ಇಲ್ಲ. ಆಮೇಲೆ ಎದೆಕವಚ; ಫೋಟೋದಲ್ಲಿ ಬೀಳುವುದು ಅದೇ. ಆಮೇಲೆ ಕೈಗವಸು, ಬೆರಳು ಮುರಿದುಕೊಂಡವನನ್ನು ನೋಡಿದ ಮರುದಿನ. ಕಾಲ್ಗವಚ ಬರುವಷ್ಟರಲ್ಲಿ ಮನೆಯಲ್ಲಿ ಒಂದು ಜಗಳ ಆಗಿರುತ್ತದೆ. ಪಾದಕ್ಕೆ ಇಳಿಯುವ ಹೊತ್ತಿಗೆ ಜೇಬು ಖಾಲಿ. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಹೊಂದಿಸಿದ ಸಬಟನ್ ಎಂಬ ಪಾದಕವಚ ಇರುತ್ತದೆ, ಅದನ್ನು ತೊಟ್ಟರೆ ಜೋಡು ಅರ್ಧ ಮುಚ್ಚಿಹೋಗುತ್ತದೆ. ಅದನ್ನು ಕೊಳ್ಳುವಷ್ಟು ಉಳಿದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಜೋಡಿನ ಮೇಲೆ ಯಾರೂ ಮನಸ್ಸಿಡುವುದಿಲ್ಲ ಎನ್ನುವುದಕ್ಕೆ ತಂಡದಲ್ಲಿ ಒಂದು ಸಮಾಧಾನವೂ ಸಿದ್ಧವಾಗಿರುತ್ತದೆ: ಮೂರು ಮೀಟರ್ ದೂರದಿಂದ ನೋಡಿದವರಿಗೆ ಸರಿ ಕಂಡರೆ ಸಾಕು. ವೇಷಭೂಷಣ ಪರೀಕ್ಷಿಸುವ ಹಿರಿಯ ಹೆಂಗಸೊಬ್ಬರು ನಮ್ಮಲ್ಲಿದ್ದಾರೆ. ಕೈಗಡಿಯಾರ, ಕನ್ನಡಕ, ಜಿಪ್ಪು ಎಲ್ಲವನ್ನೂ ಹದ್ದಿನ ಹಾಗೆ ಹಿಡಿಯುತ್ತಾರೆ. ಕಾಲಿನ ವಿಷಯದಲ್ಲಿ ಮಾತ್ರ ಹೊಸಬರಿಗೆ ಒಂದು ವರ್ಷ ರಿಯಾಯಿತಿ. ನನ್ನ ರಿಯಾಯಿತಿ ಮುಗಿಯುತ್ತಾ ಬಂದಿತ್ತು.

ಬೂಟು ಹುಡುಕಿದ್ದೇ ತಪ್ಪು

ಸಿನಿಮಾ ನೋಡಿ ಬೆಳೆದ ನಮಗೆ ಕವಚ ತೊಟ್ಟ ಯೋಧ ಎಂದರೆ ಮೊಣಕಾಲಿನವರೆಗೆ ಬೂಟು. ನಾನೂ ಅದನ್ನೇ ಹುಡುಕಿದೆ. ಎರಡು ತಿಂಗಳಾದ ಮೇಲೆ ತಿಳಿದದ್ದು, ಸರಿಯಾಗಿ ಮೈಗೆ ಕೂರುವ ಕಾಲ್ಗವಚದೊಳಗೆ ಅಂಥ ಬೂಟು ಹೋಗುವುದೇ ಇಲ್ಲ ಎಂದು. ಮೀನಖಂಡದ ತಗಡು ಕಾಲಿನ ಆಕಾರಕ್ಕೆ ಅಂಟಿಕೊಂಡೇ ಇರಬೇಕು. ನಡುವೆ ತೆಳುವಾದ ಉಣ್ಣೆಯ ಕಾಲುಚೀಲಕ್ಕೆ ಮಾತ್ರ ಜಾಗ. ಉದ್ದ ಬೂಟು ಕುದುರೆ ಸವಾರಿಗೆ, ಪ್ರಯಾಣಕ್ಕೆ ಇದ್ದದ್ದು. ನೆಲದ ಮೇಲೆ ನಿಂತು ಕಾದುವವನ ಕಾಲಲ್ಲಿ ಇದ್ದದ್ದು ಕಣಕಾಲು ಮುಟ್ಟುವ, ಬಾರಿನಿಂದಲೋ ಸಣ್ಣ ಬಕಲಿನಿಂದಲೋ ಬಿಗಿಯುವ ಮೆದುವಾದ ಚರ್ಮದ ಜೋಡು.

ಅದನ್ನು ಮಾಡುತ್ತಿದ್ದ ಬಗೆ ನನಗೆ ಬಹಳ ಹಿಡಿಸಿತು. ಟರ್ನ್‌ಶೂ ಎನ್ನುತ್ತಾರೆ. ಮೇಲಿನ ಚರ್ಮದ ಒಳಮೈ ಹೊರಗೆ ಬರುವಂತೆ ಮರದ ಅಚ್ಚಿನ ಮೇಲೆ ಎಳೆದು, ಅಂಚಿನ ಸುತ್ತ ಒಂದೇ ಪದರದ ಅಟ್ಟೆಗೆ ಹೊಲಿಯುವುದು. ಆಮೇಲೆ ಅಚ್ಚು ತೆಗೆದು, ಚರ್ಮವನ್ನು ನೆನೆಸಿ, ದಿಂಬಿನ ಗವಸನ್ನು ತಿರುಗಿಸಿದಂತೆ ಇಡೀ ಜೋಡನ್ನು ಒಳಹೊರಗು ಮಾಡುವುದು. ಹೊಲಿಗೆಯೆಲ್ಲ ಒಳಗೆ ಅಡಗುತ್ತದೆ, ನೆಲಕ್ಕೆ ಉಜ್ಜಿ ಹರಿಯುವುದಿಲ್ಲ. ಲಿನನ್ ನೂಲು, ಜೇನುಮೇಣ, ಸೂಜಿಯ ಬದಲು ಹಂದಿಯ ಬಿರುಗೂದಲು, ಅಷ್ಟೇ ಸಾಮಾನು. ಮೊಳೆಯಿಲ್ಲ, ಗೋಂದಿಲ್ಲ. ಎಡಬಲ ಬೇರೆಬೇರೆ. (ಎರಡೂ ಕಾಲಿಗೆ ಒಂದೇ ಆಕಾರ ಎಂಬುದು ಎತ್ತರದ ಹಿಮ್ಮಡಿ ಬಂದ ಮೇಲಿನ ಕಾಲದ್ದು, ಮಧ್ಯಯುಗದವರನ್ನು ಅದಕ್ಕೆ ಬೈಯುವಂತಿಲ್ಲ.) ಯುರೋಪಿನ ಜೋಡುಗಳಲ್ಲಿ ಎತ್ತರದ ಹಿಮ್ಮಡಿ ಕಾಣಿಸಿಕೊಳ್ಳುವುದು 16ನೆಯ ಶತಮಾನದ ಕೊನೆಗೆ. ಅಂದರೆ ಅಂಗಡಿಯಲ್ಲಿ ಸಿಗುವ ಯಾವುದೇ "ಹಳೆಯ ಕಾಲದ" ಬೂಟಿಗೆ ಹಿಮ್ಮಡಿ ಇದ್ದರೆ ಅದು ನಮ್ಮ ಕಾಲಕ್ಕೆ ಸಲ್ಲುವುದಿಲ್ಲ. ಈ ಒಂದು ನಿಯಮಕ್ಕೇ ತೊಂಬತ್ತು ಭಾಗ ಅಂಗಡಿ ಬಾಗಿಲು ಮುಚ್ಚಿಕೊಂಡವು.

ಜೋಡಿನ ಮೂತಿಯ ವಿಷಯವೂ ಇತ್ತು. ಆ ಶತಮಾನದ ಶೋಕಿ ಎಂದರೆ ಚೂಪು ಮೂತಿ. 1463ರಲ್ಲಿ ನಾಲ್ಕನೆಯ ಎಡ್ವರ್ಡನ ಪಾರ್ಲಿಮೆಂಟು ಲಾರ್ಡ್ ದರ್ಜೆಗಿಂತ ಕೆಳಗಿನವರು ಎರಡು ಅಂಗುಲಕ್ಕಿಂತ ಉದ್ದದ ಮೂತಿ ಇಡಬಾರದು ಎಂದು ಕಾನೂನೇ ಮಾಡಿತು. ಮೂತಿ ಜೋತು ಬೀಳದಿರಲು ಪಾಚಿ ತುರುಕುತ್ತಿದ್ದರು. ಲಂಡನ್ನಿನಲ್ಲಿ ಥೇಮ್ಸ್ ದಂಡೆಯ ಕೆಸರಿನಿಂದ ತೆಗೆದ ಜೋಡುಗಳಲ್ಲಿ ಆ ಪಾಚಿ ಇನ್ನೂ ಇದೆ. 1386ರಲ್ಲಿ ಸೆಂಪಾಕ್‌ನಲ್ಲಿ ಸ್ವಿಸ್ಸರ ಎದುರು ಕುದುರೆಯಿಳಿದು ಕಾದಬೇಕಾಗಿ ಬಂದ ಆಸ್ಟ್ರಿಯದ ಯೋಧರು ತಮ್ಮ ಮೂತಿಗಳನ್ನು ಕತ್ತರಿಸಿ ಬಿಸಾಡಿದರು ಎಂದು ಹಳೆಯ ವೃತ್ತಾಂತಗಳು ಹೇಳುತ್ತವೆ. ನಾನು ಕೂಲಿ ಸಿಪಾಯಿಯ ಪಾತ್ರದವನು. ದುಂಡು ಮೂತಿ ಸಾಕು ಎಂದು ಹಣ ಉಳಿಸಿಕೊಂಡೆ.

ಆದರೆ ನನ್ನನ್ನು ಕಾಡಿದ್ದು ಇನ್ನೊಂದು ವಿವರ. ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿರುವ 15ನೆಯ ಶತಮಾನದ ಒಂದು ಇಂಗ್ಲಿಷ್ ಹಸ್ತಪ್ರತಿಯಲ್ಲಿ, ನೆಲದ ಮೇಲೆ ಕಾದುವವನಿಗೆ ಕವಚ ತೊಡಿಸುವ ಕ್ರಮವನ್ನು ಒಂದೊಂದಾಗಿ ಬರೆದಿಟ್ಟಿದ್ದಾರೆ. ಅದರಲ್ಲಿ ಜೋಡಿಗೂ ಒಂದು ವಾಕ್ಯ ಮೀಸಲು. ಕಾರ್ಡೊವನ್ ಎಂಬ ಸ್ಪೇನ್ ಮೂಲದ ದಪ್ಪ ಚರ್ಮದ್ದಾಗಿರಬೇಕು. ಅಟ್ಟೆಗೆ ಹುರಿ ಹೊಲಿದಿರಬೇಕು, ಪ್ರತಿ ಹುರಿಗೂ ಮೂರು ಗಂಟು. ಹಿಮ್ಮಡಿಯ ಕೆಳಗೆ ಮೂರು ಹುರಿ, ಅಟ್ಟೆಯ ನಡುವೆ ಮತ್ತಷ್ಟು, ಎರಡರ ಮಧ್ಯೆ ಮೂರು ಬೆರಳಿನ ಅಂತರ. ಯಾಕೆ ಎಂದು ಬರೆದಿಲ್ಲ. ಒದ್ದೆ ಹುಲ್ಲಿನ ಮೇಲೆ ಒಮ್ಮೆ ಬಿದ್ದವರಿಗೆ ಬರೆಯಬೇಕಾಗಿಯೂ ಇಲ್ಲ.

ಬಿದ್ದದ್ದು

ಮೊದಲು ಹಳೆ ಬಟ್ಟೆಯ ದತ್ತಿ ಅಂಗಡಿಯಲ್ಲಿ ಆರು ಪೌಂಡಿಗೆ ಒಂದು ಜೊತೆ ಸ್ವೇಡ್ ಬೂಟು ಕೊಂಡೆ. ಲೋಹದ ಕಣ್ಣು ಕಿತ್ತು, ಹೆಸರಿನ ಪಟ್ಟಿ ಬಿಚ್ಚಿ, ಬಿಳಿ ಅಟ್ಟೆಗೆ ಕಂದು ಬಣ್ಣ ಬಳಿದು, ಚರ್ಮದ ಬಾರು ಕಟ್ಟಿದೆ. ಮೂರು ಮೀಟರ್ ದೂರಕ್ಕೆ ಪರವಾಗಿರಲಿಲ್ಲ. ಆದರೆ ಒಂದು ಅಂಗುಲದ ಹಿಮ್ಮಡಿ ಕಾಲನ್ನು ಮುಂದಕ್ಕೆ ವಾಲಿಸಿ, ಕಾಲ್ಗವಚದ ಕೆಳಗಿನ ಅಂಚು ಹೆಜ್ಜೆಹೆಜ್ಜೆಗೂ ಪಾದದ ಮೇಲ್ಭಾಗಕ್ಕೆ ನಾಟುತ್ತಿತ್ತು. ಸಂಜೆಗೆ ಎರಡೂ ಕಾಲಿನಲ್ಲಿ ನೀಲಿ ಬಳೆ ತೊಟ್ಟಂತೆ ಗುರುತು.

ಆಮೇಲೆ ಮೇಳವೊಂದರಲ್ಲಿ ಕೈಯಿಂದಲೇ ಟರ್ನ್‌ಶೂ ಮಾಡುವ ಹೆಣ್ಣುಮಗಳ ಡೇರೆಗೆ ಹೋದೆ. ಓಕ್ ತೊಗಟೆಯಲ್ಲಿ ಹದ ಮಾಡಿದ ಚರ್ಮ. ಒಂದನ್ನು ಕೈಗೆ ಕೊಟ್ಟರು, ಬ್ರೆಡ್ಡಿನಂತೆ ಹಗುರ. 190 ಪೌಂಡ್, ಆರು ತಿಂಗಳು ಕಾಯಬೇಕು. ಅವರ ಬೆಲೆಯ ಬಗ್ಗೆ ನನಗೆ ತಕರಾರಿಲ್ಲ. ಒಂದು ಜೊತೆಗೆ ಎಷ್ಟು ಗಂಟೆ ಕೂರುತ್ತಾರೆ ಎಂದು ಅವರ ಬೆರಳ ತುದಿಗಳೇ ಹೇಳುತ್ತಿದ್ದವು. ನಾನು ಕೊಡಲಾರದವನಾಗಿದ್ದೆ, ಅಷ್ಟೆ.

ಕೊನೆಗೆ ಎಲ್ಲರೂ ಮಾಡುವುದನ್ನೇ ಮಾಡಿದೆ. ಅಂತರ್ಜಾಲದಲ್ಲಿ 55 ಪೌಂಡಿಗೆ ಒಂದು ಜೊತೆ ತರಿಸಿದೆ. ಪೆಟ್ಟಿಗೆ ಬಿಚ್ಚಿದರೆ ಒಳಗೆ "ಮೇಡ್ ಇನ್ ಇಂಡಿಯಾ" ಚೀಟಿ. ನಗು ಬಂತು. ನನ್ನ ಶಿರಸ್ತ್ರಾಣವೂ ಅಲ್ಲಿಯದೇ. ಯುರೋಪಿನ ಮಧ್ಯಯುಗದ ಅಗ್ಗದ ಸರಕಿನಲ್ಲಿ ದೊಡ್ಡ ಪಾಲು ಇಂದು ಉತ್ತರ ಭಾರತದಿಂದ ಹಡಗು ಹತ್ತುತ್ತದೆ. ಡೆಹ್ರಾಡೂನಿನಲ್ಲಿ ದಶಕಗಳಿಂದ ಇಂಗ್ಲಿಷ್ ಖಡ್ಗಗಳು ತಯಾರಾಗುತ್ತಿವೆ. ಗುಲಾಬಿ ಯುದ್ಧದ ಇಂಗ್ಲಿಷ್ ಸಿಪಾಯಿಗಳ ನಡುವೆ ನಾನೊಬ್ಬನೇ ಭಾರತದವನು ಎಂದು ಸಂಕೋಚಪಟ್ಟಿದ್ದೆ. ನೋಡಿದರೆ ಅರ್ಧ ಸೈನ್ಯದ ತಲೆ ಮತ್ತು ಕಾಲು ಎರಡೂ ಭಾರತದವು.

ಜೋಡು ನೋಡಲು ಚೆನ್ನಾಗಿತ್ತು. ನಿಜವಾಗಿಯೂ ಒಳಹೊರಗು ತಿರುಗಿಸಿಯೇ ಹೊಲಿದಿದ್ದರು. ಮೊದಲ ದಿನ ಮನೆಯೊಳಗೆ ನಡೆದಾಗ ನನಗೆ ನೆನಪಾದದ್ದು ಯಾವ ಯುದ್ಧವೂ ಅಲ್ಲ, ಅಜ್ಜಿಯ ಮನೆಯ ಸಗಣಿ ಸಾರಿಸಿದ ನೆಲ. ನೆಲದ ಉಬ್ಬುತಗ್ಗು ಅಂಗಾಲಿಗೆ ತಿಳಿಯುತ್ತದೆ. ಹಿಮ್ಮಡಿಯನ್ನು ಧಪ್ಪೆಂದು ಊರಲು ಆಗುವುದಿಲ್ಲ, ಊರಿದರೆ ನೋವು ಬೆನ್ನುಮೂಳೆಯವರೆಗೆ ಏರುತ್ತದೆ. ಪಾದದ ಮುಂಭಾಗವನ್ನು ಮೊದಲು ಇಟ್ಟು, ನೆಲವನ್ನು ವಿಚಾರಿಸಿ, ಆಮೇಲೆ ಭಾರ ಬಿಡಬೇಕು. ಹನ್ನೊಂದು ವರ್ಷ ಇಂಗ್ಲೆಂಡಿನಲ್ಲಿ ದಪ್ಪ ಬೂಟಿನೊಳಗೆ ಕೂತಿದ್ದ ಕಾಲಿಗೆ ಅದು ಮರೆತುಹೋಗಿತ್ತು.

ಏಪ್ರಿಲಿನ ಒಂದು ಭಾನುವಾರ ಊರಾಚೆಯ ಇಳಿಜಾರು ಹುಲ್ಲುಗಾವಲಿನಲ್ಲಿ ತಾಲೀಮು. ರಾತ್ರಿಯಿಡೀ ಮಳೆ ಬಂದಿತ್ತು. ಸಾಲಾಗಿ ನಿಂತು, ಆಯುಧ ಮುಂದೆ ಮಾಡಿ, ಒಟ್ಟಿಗೆ ಇಳಿಯಬೇಕು. ನಾಲ್ಕನೆಯ ಹೆಜ್ಜೆಗೆ ನನ್ನ ಕಾಲು ನನ್ನ ಮಾತು ಕೇಳುವುದನ್ನು ನಿಲ್ಲಿಸಿತು. ನುಣುಪಾದ ಚರ್ಮದ ಅಟ್ಟೆ, ಒದ್ದೆ ಹುಲ್ಲು, ಮೈಮೇಲೆ ಹದಿನೆಂಟು ಕಿಲೋ ಉಕ್ಕು. ಅಡುಗೆಮನೆಯ ಅಟ್ಟದಿಂದ ಪಾತ್ರೆಗಳೆಲ್ಲ ಒಮ್ಮೆಲೇ ಉರುಳಿದ ಸದ್ದು. ಕವಚ ತೊಟ್ಟವನು ಬಿದ್ದರೆ ಏಳಲಾರ ಎಂದು ಜನ ನಂಬಿದ್ದಾರೆ. ಅದು ಸುಳ್ಳು, ನಾನು ಎದ್ದೆ. ಎದ್ದು ಮತ್ತೆ ಬಿದ್ದೆ. ಎರಡನೆಯ ಸಲ ಎಡಗಡೆಯವನ ಕಾಲನ್ನೂ ಎಳೆದುಕೊಂಡು ಬಿದ್ದೆ. ಮಲಗಿದಲ್ಲೇ ಆ ಹಸ್ತಪ್ರತಿಯ ಮೂರು ಗಂಟುಗಳು ಕಣ್ಣ ಮುಂದೆ ಬಂದವು.

ಬೇಸಿಗೆ ಮುಗಿಯುವಷ್ಟರಲ್ಲಿ ಇನ್ನೊಂದು ಪೆಟ್ಟು. ವಾಹನ ನಿಲುಗಡೆಯಿಂದ ಮೈದಾನದವರೆಗಿನ ಡಾಂಬರು ನಡಿಗೆಗೇ ಅಟ್ಟೆ ಸವೆದು, ಹೆಬ್ಬೆರಳ ಬುಡದಲ್ಲಿ ಎರಡು ರೂಪಾಯಿ ನಾಣ್ಯದಷ್ಟು ತೂತು ಬಿತ್ತು. 55 ಪೌಂಡ್ ಒಂದು ಋತುವಿಗೆ ಮುಗಿಯಿತು.

ನಾನು ಹೋಗಿರದ ಓಣಿ

ಡಿಸೆಂಬರಿನಲ್ಲಿ ಊರಿಗೆ ಹೋದಾಗ ತೂತುಬಿದ್ದ ಜೋಡನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡೆ. ಸೋದರತ್ತೆಗೆ ತೋರಿಸಿ ನಗಿಸುವ ಉದ್ದೇಶ, ಅಷ್ಟೆ. ಅವರು ನಗಲಿಲ್ಲ. ತಿರುಗಿಸಿ ನೋಡಿ, "ಇದನ್ನು ಓಣಿಗೆ ಒಯ್ಯಿ" ಎಂದರು.

ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಜಗತ್ತು ಕೊಳ್ಳುವ ಚಪ್ಪಲಿಯಲ್ಲಿ ಅಥಣಿಯ ಕೈ ಎಷ್ಟಿದೆ ಎಂಬುದನ್ನು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ನಾಲ್ಕು ಜಿಲ್ಲೆಗಳೂ ಸೇರಿದವು. ಹೇಳಬೇಕಾದದ್ದು ಬೇರೆ. ಆ ಊರಿನಲ್ಲೇ ಹುಟ್ಟಿ ಬೆಳೆದ ನಾನು ಆ ಓಣಿಯೊಳಗೆ ಕಾಲಿಟ್ಟದ್ದು ನಲವತ್ತೊಂದನೆಯ ವಯಸ್ಸಿನಲ್ಲಿ, ಅದೂ ಒಬ್ಬ ಇಂಗ್ಲಿಷ್ ಸಿಪಾಯಿಯ ಜೋಡು ಹಿಡಿದುಕೊಂಡು. ಚಿಕ್ಕವನಿದ್ದಾಗ ಚಪ್ಪಲಿ ನಮ್ಮ ಮನೆಯ ಕಟ್ಟೆಗೆ ಬರುತ್ತಿತ್ತು, ತಂದವರು ಕಟ್ಟೆಯ ಕೆಳಗೆ ನಿಲ್ಲುತ್ತಿದ್ದರು. ನಾವು ಹೋಗುತ್ತಿರಲಿಲ್ಲ. ಯಾಕೆ ಹೋಗುತ್ತಿರಲಿಲ್ಲ ಎಂದು ಆಗ ಕೇಳಲಿಲ್ಲ, ಉತ್ತರ ಗೊತ್ತಿತ್ತು.

ಮನೆಯ ಮುಂದಿನ ಜಗಲಿಯಲ್ಲಿ ಗಂಡ ಅಟ್ಟೆ ಕತ್ತರಿಸುತ್ತಿದ್ದರು, ಹೆಂಡತಿ ಬಾರು ಹೆಣೆಯುತ್ತಿದ್ದರು. ನಾನು ಮಾಸ್ತರರ ಮಗ ಎಂದು ತಿಳಿದ ಮೇಲೆ ಕೂರಲು ಒಂದು ಗೋಣಿಚೀಲ ಹಾಸಿದರು. ಜೋಡನ್ನು ಮೊದಲು ಎತ್ತಿಕೊಂಡದ್ದು ಆ ತಾಯಿ. ಹೊಲಿಗೆ ಹುಡುಕಿದರು, ಸಿಗಲಿಲ್ಲ. ಒಳಗೆ ಕೈ ಹಾಕಿ ಅಂಚು ಸವರಿ ಒಂದು ಗಳಿಗೆ ಸುಮ್ಮನಿದ್ದು, "ರವಿಕೆ ಹೊಲಿದ ಹಾಗೆ ಹೊಲಿದು ತಿರುವಿದ್ದಾರೆ" ಎಂದರು. ನನಗೆ ಇಷ್ಟನ್ನು ತಿಳಿಯಲು ಎರಡು ತಿಂಗಳು ಬೇಕಾಗಿತ್ತು.

ಆಕೆಯ ಗಂಡ, ಆ ಓಣಿಯ ಕಾಕಾ, ತೂತಿನ ಅಂಚನ್ನು ರಂಪಿಗೆಯಿಂದ ಚೂರು ಕೆರೆದು ಬೆಳಕಿಗೆ ಹಿಡಿದರು. ನಡುವೆ ನೀಲಿ ಛಾಯೆ. "ಔಷಧಿ ಹಾಕಿದ ತೊಗಲು, ತಮ್ಮಾ. ಜಾಲಿ ತೊಗಟೆ ಕಂಡಿಲ್ಲ ಇದು." ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ ಚರ್ಮ ಎಂದರ್ಥ, 19ನೆಯ ಶತಮಾನದಲ್ಲಿ ಬಂದ ವಿದ್ಯೆ. ಅವರ ಕಾಲ ಬಳಿ ಬಿದ್ದಿದ್ದ ಎಮ್ಮೆಯ ತೊಗಲಿನ ತುಂಡು ಅಂಚಿನಿಂದ ಅಂಚಿಗೆ ಬೆಲ್ಲದ ಬಣ್ಣ. ಜಾಲಿ ತೊಗಟೆ, ಅಳಲೆಕಾಯಿ. ಓಕ್ ಮರದ ಜಾಗದಲ್ಲಿ ಜಾಲಿ ಮರ ಇಟ್ಟರೆ ಆ ಇಂಗ್ಲಿಷ್ ಡೇರೆಯಲ್ಲಿ ನಾನು ಮೂಸಿ ನೋಡಿದ ವಾಸನೆಯೇ ಇದು. ಮೊಳೆಯಿಲ್ಲದ ಹೊಲಿಗೆಯೂ ಅದೇ.

ಆಸೆಯಾಯಿತು. ಇಂಥದೇ ಹೊಸ ಜೊತೆ ಮಾಡಿಕೊಡುತ್ತೀರಾ ಎಂದು ಕೇಳಿಬಿಟ್ಟೆ. ಆಗುವುದಿಲ್ಲ ಎಂದರು, ತಡಮಾಡದೆ. ಎಮ್ಮೆಯ ಅಟ್ಟೆ ತಿರುವಲು ಬಗ್ಗುವುದಿಲ್ಲ, ಬಗ್ಗುವ ತೊಗಲು ತಮ್ಮಲ್ಲಿಲ್ಲ, ಆ ಆಕಾರದ ಅಚ್ಚೂ ಇಲ್ಲ. "ಇದಕ್ಕೇ ಅಟ್ಟೆ ಹಚ್ಚುತ್ತೇನೆ, ಮೂರು ವರ್ಷ ಬರುತ್ತದೆ." ಮೊಬೈಲಿನಲ್ಲಿ ಬರೆದುಕೊಂಡಿದ್ದ ಹುರಿ, ಗಂಟು, ಮೂರು ಬೆರಳಿನ ಅಂತರದ ವಿಷಯವನ್ನು ಓದಿ ಹೇಳಿದೆ. ಗಂಭೀರವಾಗಿ ಕೇಳಿಸಿಕೊಂಡರು. "ಹುರಿ ಎರಡು ದಿನ. ಒಂದೇ ದಿನದ ಕಾಳಗವಾದರೆ ಅದು ಸರಿ. ನಿನಗೆ ವರ್ಷಗಟ್ಟಲೆ ಬೇಕಲ್ಲ." ತೊಗಲಿನ ಒರಟು ಬದಿಯನ್ನು ನೆಲದ ಕಡೆಗೆ ಮಾಡಿ ಹೊಲಿಯುವುದೆಂದು ತಾವೇ ತೀರ್ಮಾನಿಸಿದರು.

ಆ ತಾಯಿಗೆ ಒಂದು ಅನುಮಾನ ಉಳಿದಿತ್ತು. "ಯುದ್ಧದ ಆಟಕ್ಕೆ ತಾನೆ ಇದು? ಆಟಕ್ಕೇ ಆದರೆ ಇಷ್ಟು ಗಟ್ಟಿ ಯಾಕೆ?" ಜಾರುತ್ತದೆ ಎಂದೆ, ಬಿದ್ದದ್ದನ್ನು ಹೇಳಿದೆ, ಇಬ್ಬರೂ ನಕ್ಕರು. ಅವರು ಕೇಳಿದ್ದು ಅದನ್ನಲ್ಲ ಎಂದು ದಾರಿಯಲ್ಲಿ ಹೊಳೆಯಿತು.

ಮರುದಿನ ಸಂಜೆ ಹೋದರೆ ಜೋಡು ಸಿದ್ಧ. ಅಟ್ಟೆಯನ್ನು ಒಂದೇ ತುಂಡಾಗಿ ಹಚ್ಚಿರಲಿಲ್ಲ. ಬೆರಳ ಕಡೆಗೆ ಒಂದು, ಹಿಮ್ಮಡಿಗೆ ಒಂದು, ನಡುವೆ ಹಾಗೇ ಬಿಟ್ಟಿದ್ದರು. ನೋಡಿ ಬೆಚ್ಚಿದೆ. ಮಧ್ಯಯುಗದ ಲಂಡನ್ನಿನ ಜೋಡುಗಳಿಗೆ ಬಿದ್ದ ತೇಪೆಗಳು ಹೀಗೇ ಎರಡೆರಡು ತುಂಡು. ಅಲ್ಲಿ ಹೊಸ ಚರ್ಮ ಹೊಲಿಯುವವರನ್ನು ಕಾರ್ಡ್‌ವೈನರ್ ಎನ್ನುತ್ತಿದ್ದರು, ಸ್ಪೇನಿನ ಕಾರ್ಡೊಬಾದ ಚರ್ಮದಿಂದ ಬಂದ ಹೆಸರು. ಹಳೆಯದನ್ನು ರಿಪೇರಿ ಮಾಡುವವರು ಕಾಬ್ಲರ್‌ಗಳು. ಈ ಎರಡು ತುಂಡಿನ ಉಪಾಯ ಯಾರಿಂದ ಕಲಿತಿರಿ ಎಂದು ಕಾಕಾನನ್ನು ಕೇಳಿದೆ. "ಕಲಿಯುವುದೇನು? ನಡು ನೆಲಕ್ಕೆ ತಾಗುವುದಿಲ್ಲ. ತಾಗದ ಕಡೆ ತೊಗಲು ಯಾಕೆ ಹಾಳುಮಾಡಬೇಕು?"

ನಾನೂರು ರೂಪಾಯಿ ಎಂದರು. ನಾಲ್ಕು ಪೌಂಡೂ ಆಗುವುದಿಲ್ಲ. ಸಾವಿರ ಕೊಟ್ಟೆ. ಆರುನೂರು ಎಣಿಸಿ ವಾಪಸು ಕೊಟ್ಟರು. ಬೇಡವೆಂದೆ, ಅವರೂ ಬೇಡವೆಂದರು. ಆ ನೋಟುಗಳನ್ನು ಹಿಡಿದುಕೊಂಡು ಓಣಿಯಿಂದ ಹೊರಗೆ ಬರುವಾಗ, ಅಗ್ಗದ ಜೋಡು ಸಿಕ್ಕಿತೆಂಬ ಸಂತೋಷ ಬರಬೇಕಾದ ಜಾಗದಲ್ಲಿ ಬರಲಿಲ್ಲ. 190 ಪೌಂಡ್ ಕೇಳಿದಾಗ ನಾನು ಆ ಹೆಣ್ಣುಮಗಳ ಬೆರಳು ನೋಡಿ ಬೆಲೆ ಒಪ್ಪಿಕೊಂಡಿದ್ದೆ. ಇಲ್ಲಿ ಕಾಕಾನ ಬೆರಳುಗಳನ್ನೂ ನೋಡಿದ್ದೆನಲ್ಲ.

ಜುಲೈ

ಗುಲಾಬಿ ಯುದ್ಧಗಳಲ್ಲೊಂದು ಟ್ಯೂಕ್ಸ್‌ಬರಿ ಎಂಬ ಊರಿನಲ್ಲಿ ನಡೆದದ್ದು 1471ರ ಮೇ 4ರಂದು. ಅದನ್ನು ಮತ್ತೆ ಆಡಿ ತೋರಿಸುವ ಉತ್ಸವ ನಡೆಯುವುದು ಜುಲೈಯಲ್ಲಿ. ಆ ವರ್ಷ ಮಳೆಯ ಹನಿಯೂ ಇರಲಿಲ್ಲ. ಹುಲ್ಲು ಒಣಗಿ ಚಾಪೆಯಾಗಿತ್ತು. ನಾನು ಜಾರಲಿಲ್ಲ, ಯಾರೂ ಜಾರಲಿಲ್ಲ, ಆದ್ದರಿಂದ ಒರಟು ಬದಿಯ ಪರೀಕ್ಷೆಯೇ ಆಗಲಿಲ್ಲ. ವೇಷ ಪರೀಕ್ಷಿಸುವ ಹಿರಿಯರು ಮಾತ್ರ ನನ್ನನ್ನು ಹುಲ್ಲಿನ ಕಂತೆಯ ಮೇಲೆ ಕೂರಿಸಿ, ಕಾಲೆತ್ತಿಸಿ, ಅಟ್ಟೆಯ ಮೇಲೆ ಹೆಬ್ಬೆರಳು ಓಡಿಸಿದರು. ಮೇಲಿನ ಚರ್ಮದ ಬಗ್ಗೆ ಮೂಗು ಮುರಿದರು. ಕೆಳಗಿನ ಹೊಲಿಗೆ ಯಾರದು ಎಂದು ಮೂರು ಸಲ ಕೇಳಿದರು. ಮಧ್ಯಾಹ್ನದೊಳಗೆ ಏಳು ಜನ ತಮ್ಮ ತೂತುಬಿದ್ದ ಜೋಡುಗಳ ಅಳತೆಯನ್ನು ನನ್ನ ಫೋನಿಗೆ ಕಳಿಸಿದ್ದರು.

ಸೋಮವಾರ ಅಥಣಿಗೆ ಫೋನ್ ಮಾಡಿದೆ. ಏಳು ಜೊತೆ ಎಂದಾಗ ಕಾಕಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಿಂದಿನಿಂದ ಮಳೆಯ ಸದ್ದು ಕೇಳುತ್ತಿತ್ತು. "ಈಗ ಆಷಾಢ, ತಮ್ಮಾ. ತೊಗಲು ಒಣಗುವುದಿಲ್ಲ. ದಸರಾ ಆಗಲಿ, ನೋಡೋಣ" ಎಂದರು. ಸರಿ ಎಂದು ಫೋನ್ ಇಡುವಷ್ಟರಲ್ಲಿ ಆ ತಾಯಿ ಫೋನ್ ಕಿತ್ತುಕೊಂಡಿರಬೇಕು. "ಆ ನಾನೂರು ಮಾಸ್ತರರ ಮಗನಿಗೆ ಹೇಳಿದ ದರ. ಸಾಹೇಬರ ಜೋಡಿಗೆ ಬೇರೆ ದರ ಇದೆ."

ಎಷ್ಟು ಎಂದು ಕೇಳಿದೆ. ಅಲ್ಲಿ ಒಂದು ಜೊತೆಗೆ ಎಷ್ಟು ತೆಗೆದುಕೊಳ್ಳುತ್ತಾರೆ ಎಂದು ಅವರು ತಿರುಗಿ ಕೇಳಿದರು. ಹೇಳಿದೆ.